ಫೈಲು ಬಂತು, ತಾರೀಕು ಬರಲಿಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪುರವಣಿಯಲ್ಲಿ ಬ್ಯಾಕಪ್ ಬಗ್ಗೆ ಬಂದ ಬರಹ ಓದಿದೆ. ಫೋಟೊ, ಕಾಗದಪತ್ರ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ ಇಟ್ಟುಕೊಳ್ಳಿ ಅಂತ ಹೇಳಿದ್ದೀರಿ. ಒಳ್ಳೆಯ ಮಾತು. ಆದರೆ ಹೇಗೆ ಕಾಪಿ ಮಾಡಬೇಕು ಅನ್ನುವುದು ಅದರಲ್ಲಿ ಇರಲಿಲ್ಲ. ಕಾಪಿ ಮಾಡೋದ್ರಲ್ಲಿ ಏನಿದೆ, ಎಲ್ಲರಿಗೂ ಗೊತ್ತಿರೋದೇ ಅಲ್ವಾ ಅಂತ ನಿಮಗೆ ಅನ್ನಿಸಿರಬಹುದು. ಅದು ಅಷ್ಟು ಸುಲಭ ಅಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ಮಲೆನಾಡಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಒಂದು ಹಳೆಯ ಸರ್ವರ್ ಇತ್ತು. ವಿಂಡೋಸ್ ಬದಲು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿದ್ದು. ಆಫೀಸಿನವರ ಕಡತ, ಪರೀಕ್ಷಾ ವಿಭಾಗದ ಅಂಕಪಟ್ಟಿ, ಲೈಬ್ರರಿಯ ಪಟ್ಟಿ, ಮಕ್ಕಳ ಪ್ರಾಕ್ಟಿಕಲ್ ಪ್ರೋಗ್ರಾಮು, ಎಲ್ಲ ಅದರಲ್ಲೇ. ಇವುಗಳ ಜೊತೆ ಒಂದು ಫೋಲ್ಡರ್‌ನಲ್ಲಿ ಸೋಬಾನೆ ಪದಗಳಿದ್ದವು. ನಮ್ಮ ಕನ್ನಡ ಮೇಡಂ ಪ್ರತಿ ವರ್ಷ ಮಕ್ಕಳನ್ನು ಸುತ್ತಲಿನ ಹಳ್ಳಿಗಳಿಗೆ ಕಳಿಸಿ, ವಯಸ್ಸಾದ ಹೆಂಗಸರು ಹಾಡುವ ಮದುವೆ ಪದಗಳನ್ನು ರೆಕಾರ್ಡ್ ಮಾಡಿಸುತ್ತಿದ್ದರು. ಹುಡುಗರು ರೆಕಾರ್ಡರ್ ತಂದು ಕೊಡುತ್ತಿದ್ದರು, ನಾನು ಸರ್ವರ್‌ಗೆ ಹಾಕುತ್ತಿದ್ದೆ. ಫೈಲುಗಳ ಹೆಸರು 'ವಾಯ್ಸ್ 12', 'ವಾಯ್ಸ್ 13' ಅಂತ ರೆಕಾರ್ಡರ್ ಕೊಟ್ಟಿದ್ದೇ. ಯಾವತ್ತು ಹಾಡಿದ್ದು ಅನ್ನುವುದಕ್ಕೆ ಇದ್ದ ಗುರುತು ಒಂದೇ, ಫೈಲಿನ ಪಕ್ಕ ಕಾಣುವ ತಾರೀಕು. ಆ ತಾರೀಕು ಹಿಡಿದುಕೊಂಡು, ಆ ವರ್ಷ ಯಾವ ಬ್ಯಾಚು ಯಾವ ಊರಿಗೆ ಹೋಗಿತ್ತು ಅಂತ ಹಾಜರಿ ಪುಸ್ತಕ ನೋಡಿದರೆ ಹಾಡಿದವರು ಯಾರು ಅಂತ ತಿಳಿಯುತ್ತಿತ್ತು.

ಹೊಸ ಸರ್ವರ್ ಬಂತು. ಹಳೆಯದರಿಂದ ಹೊಸದಕ್ಕೆ ಸಾಗಿಸುವ ಕೆಲಸವನ್ನು ಹೊರಗಿನವರಿಗೆ ಕೊಟ್ಟಿದ್ದರು. ಒಂದು ಶನಿವಾರ ಒಬ್ಬರು ಬಂದರು. ಹಳೆಯ ಡಿಸ್ಕ್ ಬಿಚ್ಚಿ ಹೊಸ ಯಂತ್ರಕ್ಕೆ ಸಿಕ್ಕಿಸಿದರು, ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಲಾಗಿನ್ ಆದರು, ಸಿಪಿ -ಆರ್ ಅಂತ ಕಾಪಿ ಮಾಡುವ ಒಂದು ಸಾಲು ಕಮಾಂಡ್ ಹೊಡೆದು ಚಹಾ ಕುಡಿಯಲು ಹೋದರು. ನಾನು ಅವತ್ತು ಊರಲ್ಲಿ ಇರಲಿಲ್ಲ. ಸಂಜೆಗೆ ಕಾಪಿ ಮುಗಿದಿತ್ತು. ಹಳೆಯ ಡಿಸ್ಕನ್ನು ಅವತ್ತೇ ಫಾರ್ಮ್ಯಾಟ್ ಮಾಡಿ ಸಿಸಿಟಿವಿಗೆ ಹಾಕಿದರು.

ಸೋಮವಾರ ಬೆಳಿಗ್ಗೆ ಆಫೀಸಿನವರಿಗೆ ಒಂದು ಫೈಲೂ ಸೇವ್ ಆಗಲಿಲ್ಲ. ಕೆಲವು ಫೋಲ್ಡರ್ ತೆರೆಯಲೇ ಇಲ್ಲ. ಶನಿವಾರ ಬಂದವರಿಗೆ ಫೋನ್ ಮಾಡಿದರೆ ಅವರು ಮನೆಯಿಂದಲೇ ಕನೆಕ್ಟ್ ಆಗಿ ಎರಡೇ ನಿಮಿಷದಲ್ಲಿ ಸರಿ ಮಾಡಿಕೊಟ್ಟರು. ಹೊಡೆದದ್ದು ಸಿಎಚ್‌ಮಾಡ್ -ಆರ್ 777, ಪರ್ಮಿಷನ್ ಬದಲಿಸುವ ಕಮಾಂಡ್. ಎಲ್ಲವೂ ಎಲ್ಲರಿಗೂ ತೆರೆದುಕೊಂಡಿತು. ಆಫೀಸಿನಲ್ಲಿ ಎಲ್ಲರಿಗೂ ಖುಷಿ.

ಮಧ್ಯಾಹ್ನ ಇಬ್ಬರು ಹುಡುಗರು ನನ್ನ ಹತ್ತಿರ ಬಂದು, ಸ್ವಲ್ಪ ಹೆದರಿಕೊಂಡೇ, "ಸರ್, ನಮ್ಮ ಲಾಗಿನ್‌ನಲ್ಲಿ ಇಂಟರ್ನಲ್ಸ್ ಮಾರ್ಕ್ಸ್ ಶೀಟ್ ಓಪನ್ ಆಗ್ತಿದೆ" ಅಂದರು. ಆಗುತ್ತಿತ್ತು. ತೆರೆಯುವುದಷ್ಟೇ ಅಲ್ಲ, ತಿದ್ದಬಹುದಿತ್ತು, ಅಳಿಸಬಹುದಿತ್ತು. ಆ ಹುಡುಗರು ಬಂದು ಹೇಳಿದರು. ಬೇರೆ ಯಾರಾದರೂ ಸುಮ್ನೆ ಇದ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಅದೇ ವಾರ ಮೇಡಂ ಪದಗಳ ಫೋಲ್ಡರ್ ತೆರೆದರು. ಎಲ್ಲ ಫೈಲೂ ಇತ್ತು. ಎಲ್ಲವೂ ಕೇಳುತ್ತಿತ್ತು. ಆದರೆ ಅಷ್ಟೂ ವರ್ಷಗಳ ಎಲ್ಲ ಫೈಲಿಗೂ ಒಂದೇ ತಾರೀಕು, ಆ ಶನಿವಾರದ್ದು. ಅವರು ನನ್ನ ಕಡೆ ತಿರುಗಿ, "ಇದು ಯಾವ ವರ್ಷದ್ದು, ಈ ಅಜ್ಜಿ ಯಾವ ಊರಿನವರು, ಹೇಗೆ ಹೇಳೋದು ಈಗ?" ಅಂತ ಕೇಳಿದರು. ಹಾಡಿದವರಲ್ಲಿ ಎಷ್ಟೋ ಜನ ಈಗ ಇಲ್ಲ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಂದವರು ಕೆಟ್ಟವರಲ್ಲ. ಅವರಿಗೆ ಕಲಿಸಿದ್ದೇ ಅಷ್ಟು. ನಮ್ಮ ಎಷ್ಟೋ ಲ್ಯಾಬ್‌ಗಳಲ್ಲಿ ಲಿನಕ್ಸ್ ಅಂದರೆ ಪರೀಕ್ಷೆಗೆ ಇಪ್ಪತ್ತು ಕಮಾಂಡ್ ಬಾಯಿಪಾಠ. ಸಿಪಿ ಅಂದರೆ ಕಾಪಿ, ಸಿಎಚ್‌ಮಾಡ್ ಅಂದರೆ ಪರ್ಮಿಷನ್, ಮುಗೀತು. 'ಪರ್ಮಿಷನ್ ಡಿನೈಡ್' ಅಂತ ಬಂದರೆ 777 ಕೊಡು ಅಂತ ಸೀನಿಯರ್ ಜೂನಿಯರ್‌ಗೆ ಹೇಳುತ್ತಾನೆ, ಅವನು ಕೆಲಸಕ್ಕೆ ಸೇರಿ ಅಲ್ಲೂ ಅದನ್ನೇ ಮಾಡುತ್ತಾನೆ. ಈ ಸರಪಳಿ ಎಲ್ಲಾದರೂ ಒಂದು ಕಡೆ ತುಂಡಾಗಬೇಕು. ಕನ್ನಡದಲ್ಲಿ ಬಿಡಿಸಿ ಹೇಳಿದರೆ ತುಂಡಾಗುತ್ತದೆ ಅನ್ನುವ ನಂಬಿಕೆ ನನ್ನದು, ಯಾಕೆಂದರೆ ನಮ್ಮ ಲ್ಯಾಬಿಗೆ ಬರುವ ಹುಡುಗ ಹುಡುಗಿಯರಲ್ಲಿ ಮುಕ್ಕಾಲು ಪಾಲು ಹಳ್ಳಿಯ ಕನ್ನಡ ಶಾಲೆಯಿಂದ ಬಂದವರು, ಇಂಗ್ಲಿಷಿನ ಕೈಪಿಡಿ ನೋಡಿದರೆ ಅರ್ಧಕ್ಕೇ ಬಿಟ್ಟುಬಿಡುತ್ತಾರೆ, ಅದನ್ನೇ ನಮ್ಮ ಮಾತಿನಲ್ಲಿ ಹೇಳಿದರೆ ಪಟ್ಟನೆ ಹಿಡಿಯುತ್ತಾರೆ.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಮಾಡಿಕೊಳ್ಳಿ, ಸಿಎಚ್‌ಮಾಡ್ ಜೊತೆ ಬರುವ -ಆರ್ ಮಾತ್ರ ದೊಡ್ಡ ಅಕ್ಷರದಲ್ಲಿ (-R).

ಒಂದು ಫೈಲಿನ ಜೊತೆ ಅದರೊಳಗಿನ ವಿಷಯ ಬಿಟ್ಟು ಇನ್ನೂ ಮೂರು ಸಂಗತಿ ಇರುತ್ತವೆ. ಅದು ಯಾರದ್ದು, ಯಾರು ಏನು ಮಾಡಬಹುದು, ಕೊನೆಗೆ ಯಾವತ್ತು ಬದಲಾಯಿತು. ಬರೀ ಸಿಪಿ ಹೊಡೆದರೆ ಒಳಗಿನ ವಿಷಯ ಚೆನ್ನಾಗಿ ಸಾಗುತ್ತದೆ. ಆದರೆ ಹೊಸ ಫೈಲು ಕಾಪಿ ಮಾಡಿದವರ ಹೆಸರಿಗೆ ಆಗುತ್ತದೆ, ತಾರೀಕು ಆ ಕ್ಷಣದ್ದಾಗುತ್ತದೆ, ಪರ್ಮಿಷನ್ ಅರ್ಧಂಬರ್ಧ ಬರುತ್ತದೆ. ನಮ್ಮಲ್ಲಿ ಆಗಿದ್ದು ಇದೇ. ರೂಟ್ ಕಾಪಿ ಮಾಡಿದ್ದಕ್ಕೆ ಎಲ್ಲವೂ ರೂಟ್‌ನದ್ದಾಯಿತು, ಆಫೀಸಿನವರು ತಮ್ಮದೇ ಕಡತಕ್ಕೆ ಹೊರಗಿನವರಾದರು. ಇದಕ್ಕೆ ಸಿಪಿ -ಎ ಅಂತ ಕೊಡಬೇಕಿತ್ತು. -ಆರ್ ಬದಲು -ಎ. ಒಂದೇ ಒಂದು ಅಕ್ಷರದ ವ್ಯತ್ಯಾಸ. -ಎ ಕೊಟ್ಟರೆ ಫೋಲ್ಡರ್ ಒಳಗಿನ ಫೋಲ್ಡರೂ ಬರುತ್ತದೆ, ಮಾಲೀಕ, ಪರ್ಮಿಷನ್, ತಾರೀಕು ಮೂರೂ ಹಾಗೇ ಬರುತ್ತವೆ. ಮಾಲೀಕನ ಹೆಸರು ಉಳಿಯಬೇಕಾದರೆ ರೂಟ್ ಆಗಿಯೇ ಮಾಡಬೇಕು, ಯಾಕೆಂದರೆ ಸಾಮಾನ್ಯ ಬಳಕೆದಾರನಿಗೆ ಇನ್ನೊಬ್ಬನ ಹೆಸರಿನಲ್ಲಿ ಫೈಲು ಮಾಡುವ ಅಧಿಕಾರ ಇಲ್ಲ. ಆ ಶನಿವಾರ ಬಂದವರು ರೂಟ್ ಆಗಿಯೇ ಇದ್ದರು. ಆ ಒಂದು ಅಕ್ಷರ ಗೊತ್ತಿದ್ದಿದ್ದರೆ ಸಾಕಿತ್ತು.

ಇನ್ನು ಪರ್ಮಿಷನ್. ನಾನು ಲ್ಯಾಬಲ್ಲಿ ಹೇಳಿಕೊಡುವುದು ಹೀಗೆ. ಎಲ್‌ಎಸ್ -ಎಲ್ ಕೊಟ್ಟರೆ ಪ್ರತಿ ಸಾಲಿನ ಮೊದಲಲ್ಲಿ ಹತ್ತು ಗುರುತು ಕಾಣುತ್ತವೆ. ಮೊದಲನೆಯದು ಫೈಲೋ ಫೋಲ್ಡರೋ ಹೇಳುತ್ತದೆ. ಉಳಿದ ಒಂಬತ್ತನ್ನು ಮೂರು ಮೂರಾಗಿ ಓದಿ. ಮೊದಲ ಮೂರು ಮನೆಗೆ, ನಡುವಿನ ಮೂರು ಕೇರಿಗೆ, ಕೊನೆಯ ಮೂರು ಊರಿಗೆ. ಮನೆ ಅಂದರೆ ಫೈಲಿನ ಮಾಲೀಕ. ಕೇರಿ ಅಂದರೆ ಅದರ ಗುಂಪು, ಪರೀಕ್ಷಾ ವಿಭಾಗದವರು ಒಂದು ಗುಂಪು ಅಂತ ಇಟ್ಟುಕೊಳ್ಳಿ. ಊರು ಅಂದರೆ ಉಳಿದ ಎಲ್ಲರೂ. ಒಬ್ಬೊಬ್ಬರಿಗೂ ಮೂರು ಹಕ್ಕು. ಓದು, ಬರೆ, ಓಡಿಸು. ಓದಿಗೆ 4, ಬರೆಯಲು 2, ಓಡಿಸಲು 1. ಕೂಡಿಸಿದರೆ ಅಂಕಿ ಸಿಗುತ್ತದೆ. 640 ಅಂದರೆ ಮನೆಯವರು ಓದಿ ಬರೆಯಬಹುದು, ಕೇರಿಯವರು ಓದಬಹುದು ಅಷ್ಟೇ, ಊರಿಗೆ ಏನೂ ಇಲ್ಲ. ಅಂಕಪಟ್ಟಿಗೆ ಇದು ಸರಿ. 777 ಅಂದರೆ ಮನೆ, ಕೇರಿ, ಊರು ಮೂರಕ್ಕೂ ಮೂರು ಹಕ್ಕೂ ಕೊಟ್ಟ ಹಾಗೆ. ಇಷ್ಟು ಹೇಳಿದ ಮೇಲೆ ಅಂಕಪಟ್ಟಿಗೆ 777 ಕೊಡಬಹುದಾ ಅಂತ ಕೇಳಿದರೆ ಕ್ಲಾಸಲ್ಲಿ ಒಬ್ಬರೂ ಹೂಂ ಅನ್ನುವುದಿಲ್ಲ.

ಫೋಲ್ಡರ್ ವಿಷಯದಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. ಇಲ್ಲಿ ನಿಧಾನವಾಗಿ ಹೇಳಬೇಕು. ಫೋಲ್ಡರ್ ಅನ್ನುವುದು ಒಳಗೆ ಏನೇನಿದೆ ಅನ್ನುವ ಹೆಸರುಗಳ ಪಟ್ಟಿ, ನಮ್ಮ ಹಾಜರಿ ಪುಸ್ತಕದ ಹಾಗೆ. 'ಓದು' ಇದ್ದರೆ ಪಟ್ಟಿ ನೋಡಬಹುದು. 'ಓಡಿಸು' ಇದ್ದರೆ ಬಾಗಿಲು ದಾಟಿ ಒಳಗೆ ಹೋಗಬಹುದು. 'ಬರೆ' ಇದ್ದರೆ, ದಾಟುವ ಹಕ್ಕಿನ ಜೊತೆ, ಪಟ್ಟಿಗೆ ಹೆಸರು ಸೇರಿಸಬಹುದು, ಇರುವ ಹೆಸರನ್ನು ಹೊಡೆದೂ ಹಾಕಬಹುದು. ಹಾಗಾಗಿ ಒಂದು ಫೈಲನ್ನು ಅಳಿಸುವುದಕ್ಕೆ ಆ ಫೈಲಿನ ಮೇಲೆ ಹಕ್ಕು ಬೇಕಾಗಿಲ್ಲ. ಫೋಲ್ಡರ್ ಮೇಲೆ ಬರೆಯುವ ಹಕ್ಕು ಇದ್ದರೆ ಸಾಕು. ನಾನು ಫೈಲಿಗೆ ಓದು ಮಾತ್ರ ಕೊಟ್ಟಿದ್ದೆ, ಆದರೂ ಯಾರೋ ಅಳಿಸಿದರು ಅಂತ ಬೇಜಾರು ಮಾಡಿಕೊಳ್ಳುವವರು ಫೋಲ್ಡರ್ ನೋಡಬೇಕು. ಸರ್ವರ್‌ನಲ್ಲಿ ಟೆಂಪ್ ಅಂತ ಎಲ್ಲರೂ ಬರೆಯುವ ಫೋಲ್ಡರ್ ಒಂದಿರುತ್ತದೆ. ಅದಕ್ಕೆ 777 ಅಲ್ಲ, ಮುಂದೆ ಒಂದು 1 ಸೇರಿಸಿ 1777 ಕೊಟ್ಟಿರುತ್ತಾರೆ. ಆ 1 ಇದ್ದರೆ ಒಬ್ಬರು ಇಟ್ಟಿದ್ದನ್ನು ಇನ್ನೊಬ್ಬರು ಅಳಿಸಲು ಬರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ, ಹಾಗಾದರೆ ಒಂದೇ ವಿಭಾಗದ ನಾಲ್ಕು ಜನ ಒಂದೇ ಫೋಲ್ಡರ್‌ನಲ್ಲಿ ಕೆಲಸ ಮಾಡುವುದು ಹೇಗೆ ಅಂತ. 777 ಹುಟ್ಟುವುದೇ ಈ ಪ್ರಶ್ನೆಯಿಂದ. ನಾನು ನಮ್ಮಲ್ಲಿ ಮಾಡಿದ್ದು ಹೇಳುತ್ತೇನೆ. ಪರೀಕ್ಷಾ ವಿಭಾಗದವರನ್ನೆಲ್ಲ ಒಂದು ಗುಂಪಿಗೆ ಸೇರಿಸಿದೆ. ಸಿಎಚ್‌ಜಿಆರ್‌ಪಿ ಅನ್ನುವ ಕಮಾಂಡ್‌ನಿಂದ ಆ ಫೋಲ್ಡರನ್ನು ಆ ಗುಂಪಿನ ಹೆಸರಿಗೆ ಮಾಡಿದೆ. ಆಮೇಲೆ ಫೋಲ್ಡರಿಗೆ ಸಿಎಚ್‌ಮಾಡ್ 2770. ಆ ಮುಂದಿನ 2 ಇದ್ದರೆ ಯಾರು ಹೊಸ ಫೈಲು ಮಾಡಿದರೂ ಅದು ತಾನಾಗಿ ಆ ಗುಂಪಿಗೇ ಸೇರುತ್ತದೆ. ಕೊನೆಗೆ ಯುಮಾಸ್ಕ್. ಹೊಸ ಫೈಲು ಹುಟ್ಟುವಾಗ ಯಾವ ಹಕ್ಕು ಕಳೆಯಬೇಕು ಅಂತ ಹೇಳುವುದು ಇದೇ. 022 ಇದ್ದರೆ ಹೊಸ ಫೈಲು 644 ಆಗಿ ಹುಟ್ಟುತ್ತದೆ, ಗುಂಪಿನವರು ಓದಬಹುದು ಅಷ್ಟೇ, ತಿದ್ದಲು ಆಗುವುದಿಲ್ಲ, ಮತ್ತೆ ಫೋನು, ಮತ್ತೆ 777. ಅದನ್ನು 007 ಮಾಡಿದೆ. ಈಗ ಫೈಲು 660 ಆಗಿ ಹುಟ್ಟುತ್ತದೆ. ಒಂದು ಮಧ್ಯಾಹ್ನದ ಕೆಲಸ. ಆಮೇಲೆ ಇವತ್ತಿನವರೆಗೆ ಆ ವಿಭಾಗದಿಂದ ಒಂದು ದೂರೂ ಬಂದಿಲ್ಲ.

ಆದರೆ ಅದಕ್ಕೂ ಮೊದಲು ಆ 777 ಅನ್ನು ಬಿಡಿಸಬೇಕಿತ್ತಲ್ಲ. ಅಲ್ಲೂ ಒಂದು ಗುಂಡಿ ಇದೆ. ಸಿಎಚ್‌ಮಾಡ್ -ಆರ್ 755 ಕೊಟ್ಟರೆ ಫೋಲ್ಡರ್‌ಗೆ ಸರಿ, ಆದರೆ ಪ್ರತಿ ಫೋಟೊ, ಪ್ರತಿ ಹಾಡು, ಪ್ರತಿ ಪತ್ರಕ್ಕೂ ಓಡಿಸುವ ಹಕ್ಕು ಬರುತ್ತದೆ. -ಆರ್ 644 ಕೊಟ್ಟರೆ ಫೋಲ್ಡರ್‌ಗಳ ಬಾಗಿಲೇ ಮುಚ್ಚಿಹೋಗುತ್ತದೆ. ಅದಕ್ಕೆ ಫೈಂಡ್ ಕಮಾಂಡ್‌ನಿಂದ ಫೋಲ್ಡರ್‌ಗಳನ್ನು ಬೇರೆ ಮಾಡಿ ಒಂದು ಅಂಕಿ, ಫೈಲುಗಳನ್ನು ಬೇರೆ ಮಾಡಿ ಇನ್ನೊಂದು ಅಂಕಿ ಕೊಡಬೇಕು. ವೆಬ್‌ಸೈಟ್ ಇಟ್ಟುಕೊಂಡಿರುವ ನಮ್ಮ ಊರಿನ ಅಂಗಡಿಯವರಿಗೂ ಇದೇ ಮಾತು. ವೆಬ್‌ಸೈಟ್ ಮಾಡಲು ಬಳಸುವ ವರ್ಡ್‌ಪ್ರೆಸ್‌ನವರೇ ಫೋಲ್ಡರ್‌ಗೆ 755, ಫೈಲಿಗೆ 644 ಇಡಿ, 777 ಯಾವ ಫೋಲ್ಡರ್‌ಗೂ ಬೇಡ ಅಂತ ಬರೆದಿಟ್ಟಿದ್ದಾರೆ. ಆದರೂ ಫೋಟೊ ಅಪ್‌ಲೋಡ್ ಆಗಲಿಲ್ಲ ಅಂತ 777 ಕೊಟ್ಟು ಕೈತೊಳೆದುಕೊಂಡವರನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ಮೊನ್ನೆ ನಮ್ಮ ಹುಡುಗನೊಬ್ಬ ತನ್ನ ಲ್ಯಾಪ್‌ಟಾಪ್ ತಂದು ಟೇಬಲ್ ಮೇಲಿಟ್ಟ. ಸೂಡೋ (ಒಂದು ಕಮಾಂಡನ್ನು ರೂಟ್ ಅಧಿಕಾರದಲ್ಲಿ ಓಡಿಸಿಕೊಡುವ ಪ್ರೋಗ್ರಾಮು) ಕೆಲಸ ಮಾಡುತ್ತಿಲ್ಲ ಅಂದ. ಏನು ಹೊಡೆದೆಯಪ್ಪ ಅಂತ ಹಿಂದಿನ ಕಮಾಂಡ್ ನೋಡಿದರೆ ಸೂಡೋ ಸಿಎಚ್‌ಮಾಡ್ -ಆರ್ 777, ಮುಂದೆ ಬರೀ ಒಂದು ಅಡ್ಡಗೆರೆ (/). ಅವನು ಚುಕ್ಕೆ ಅಡ್ಡಗೆರೆ ಹಾಕಬೇಕಿತ್ತು, ಅಂದರೆ ಈಗಿರುವ ಫೋಲ್ಡರ್. ಚುಕ್ಕೆ ಬಿಟ್ಟುಹೋಗಿತ್ತು. ಬರೀ ಅಡ್ಡಗೆರೆ ಅಂದರೆ ಇಡೀ ಕಂಪ್ಯೂಟರ್. ಸೂಡೋ ಅನ್ನುವ ಪ್ರೋಗ್ರಾಮಿಗೆ ತಾನು ಯಾರು ಓಡಿಸಿದರೂ ರೂಟ್ ಆಗಿ ಓಡಬಹುದು ಅನ್ನುವ ಒಂದು ವಿಶೇಷ ಗುರುತು ಇರುತ್ತದೆ. 777 ಕೊಟ್ಟಾಗ ಆ ಗುರುತು ಅಳಿಸಿಹೋಗುತ್ತದೆ. ಸೂಡೋ ಹೋದ ಮೇಲೆ ಸರಿ ಮಾಡಲು ಬೇಕಾದ ಅಧಿಕಾರವೂ ಹೋಯಿತು. ಅವನ ಪ್ರಾಜೆಕ್ಟನ್ನು ಬೇರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಉಳಿಸಿಕೊಟ್ಟೆ, ಉಬುಂಟು (ಅವನು ಬಳಸುತ್ತಿದ್ದ ಲಿನಕ್ಸ್) ಮತ್ತೆ ಹೊಸದಾಗಿ ಹಾಕಬೇಕಾಯಿತು.

ಸೂಡೋಗೆ ಇರುವ ಈ ವಿಶೇಷ ಗುರುತನ್ನು ಯೋಚಿಸಿದವರು ಅಮೆರಿಕದ ಬೆಲ್ ಲ್ಯಾಬ್ಸ್‌ನ ಡೆನ್ನಿಸ್ ರಿಚಿ. ಅದಕ್ಕೆ 1973ರಲ್ಲಿ ಪೇಟೆಂಟ್ ಅರ್ಜಿ ಹೋಯಿತು, 1979ರಲ್ಲಿ ಪೇಟೆಂಟ್ ಸಿಕ್ಕಿತು, ಆಮೇಲೆ ಅದನ್ನು ಎಲ್ಲರೂ ಬಳಸಲಿ ಅಂತ ಬಿಟ್ಟುಕೊಟ್ಟರು. ಸಿಪಿ, ಸಿಎಚ್‌ಮಾಡ್ ಎರಡೂ ಆ ಅರ್ಜಿಗಿಂತ ಹಳೆಯವು. 1971ರ ನವೆಂಬರ್ 3ರ ತಾರೀಕಿರುವ, ಲಿನಕ್ಸಿಗೆ ಮಾದರಿಯಾದ ಯುನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ಎರಡೂ ಇವೆ. ಆಗ ಮನೆ ಮತ್ತು ಊರು ಅಂತ ಎರಡೇ ಭಾಗ ಇತ್ತು, ಕೇರಿ ಆಮೇಲೆ ಬಂತು. ಒಂದೇ ಕಂಪ್ಯೂಟರನ್ನು ಹತ್ತು ಜನ ಹಂಚಿಕೊಳ್ಳುತ್ತಿದ್ದ ಕಾಲ ಅದು. ನನ್ನ ಫೈಲನ್ನು ಪಕ್ಕದವರು ಕೆಡಿಸಬಾರದು ಅನ್ನುವ ಚಿಂತೆ ಅವರಿಗೆ ಮೊದಲ ದಿನದಿಂದಲೇ ಇತ್ತು. ಐವತ್ತು ವರ್ಷ ಕಳೆದ ಮೇಲೂ ನಮ್ಮ ಕಾಲೇಜುಗಳ ಸ್ಥಿತಿ ಅದೇ, ಒಂದು ಸರ್ವರ್, ನೂರಾರು ಜನ.

ಪರ್ಮಿಷನ್ ಜಾಸ್ತಿ ಕೊಟ್ಟರೆ ಕಂಪ್ಯೂಟರೇ ಬೇಡ ಅನ್ನುವ ಜಾಗವೂ ಒಂದಿದೆ. ಓದು ಮುಗಿಸಿ ಬೆಂಗಳೂರಿಗೆ ಹೋದ ನಮ್ಮ ಮಕ್ಕಳು ಕೆಲಸದ ಮೊದಲ ವಾರದಲ್ಲಿ ಫೋನ್ ಮಾಡುವುದು ಇದಕ್ಕೇ. ಕ್ಲೌಡ್ ಸರ್ವರ್‌ಗೆ ಲಾಗಿನ್ ಆಗಲು ಒಂದು ಕೀ ಫೈಲು ಕೊಡುತ್ತಾರೆ. ಡೌನ್‌ಲೋಡ್ ಮಾಡಿದಾಗ ಅದು ಸಾಮಾನ್ಯವಾಗಿ 644 ಆಗಿರುತ್ತದೆ. ಲಾಗಿನ್ ಮಾಡಿಸುವ ಎಸ್‌ಎಸ್‌ಎಚ್ ಅನ್ನುವ ಪ್ರೋಗ್ರಾಮು ಅದನ್ನು ನೋಡಿ, ಈ ಕೀ ಬೇರೆಯವರೂ ಓದುವ ಹಾಗಿದೆ, ನಾನು ಬಳಸುವುದಿಲ್ಲ ಅಂತ ದೊಡ್ಡ ಅಕ್ಷರದಲ್ಲಿ ಎಚ್ಚರಿಕೆ ಕೊಟ್ಟು ನಿಂತುಬಿಡುತ್ತದೆ. 600 ಕೊಡಿ ಅಂದರೆ ಆಯಿತು. ಇಲ್ಲಿ 777 ಕೊಟ್ಟರೂ ಪ್ರಯೋಜನ ಇಲ್ಲ. 777 ಒಂದನ್ನೇ ಕಲಿತು ಹೋದವರು ಇಲ್ಲಿ ಒಂದಿಡೀ ದಿನ ಕಳೆಯುತ್ತಾರೆ.

ನಿಮ್ಮ ಬರಹದಲ್ಲಿ ಪೆನ್‌ಡ್ರೈವ್ ಅಂತ ಬರೆದಿದ್ದೀರಿ. ಅಂಗಡಿಯಿಂದ ತಂದ ಪೆನ್‌ಡ್ರೈವ್‌ನಲ್ಲಿ ಸಾಮಾನ್ಯವಾಗಿ ಇರುವುದು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಅನ್ನುವ, ಫೈಲು ಜೋಡಿಸಿಡುವ ಕ್ರಮ. ಅದರಲ್ಲಿ ಲಿನಕ್ಸಿನ ಮಾಲೀಕ, ಪರ್ಮಿಷನ್ ಇಡಲು ಜಾಗವೇ ಇಲ್ಲ. ಸಿಪಿ -ಎ ಕೊಟ್ಟರೂ ಮಾಲೀಕನನ್ನು ಉಳಿಸಲು ಆಗಲಿಲ್ಲ ಅಂತ ಹೇಳುತ್ತದೆ. ವಾಪಸ್ ತಂದಾಗ ಎಲ್ಲ ಫೈಲಿಗೂ ಒಂದೇ ಪರ್ಮಿಷನ್ ಇರುತ್ತದೆ. ಅದಕ್ಕೆ ಮೊದಲು ಟಾರ್ ಕಮಾಂಡ್‌ನಿಂದ ಇಡೀ ಫೋಲ್ಡರನ್ನು ಒಂದು ಗಂಟು ಕಟ್ಟಿ, ಆ ಗಂಟನ್ನು ಪೆನ್‌ಡ್ರೈವ್‌ಗೆ ಹಾಕಬೇಕು. ಗಂಟಿನೊಳಗೆ ಎಲ್ಲ ಗುರುತೂ ಭದ್ರ. ಫ್ಯಾಟ್32ನಲ್ಲಿ ಒಂದು ಫೈಲು 4 ಜಿಬಿ ಮುಟ್ಟುವ ಹಾಗಿಲ್ಲ, ಅದೊಂದು ನೆನಪಿರಲಿ.

ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗ ನಾನು ಈಗ ಆರ್‌ಸಿಂಕ್ ಅನ್ನುವ ಕಾಪಿ ಮಾಡುವ ಪ್ರೋಗ್ರಾಮು ಬಳಸುತ್ತೇನೆ. ಆಂಡ್ರ್ಯೂ ಟ್ರಿಜೆಲ್, ಪಾಲ್ ಮೆಕೆರಸ್ ಅನ್ನುವವರು 1996ರಲ್ಲಿ ಹೊರತಂದದ್ದು. ಮಧ್ಯದಲ್ಲಿ ಕರೆಂಟ್ ಹೋದರೆ (ನಮ್ಮ ಕಡೆ ಮಳೆಗಾಲದಲ್ಲಿ ಹೋಗದೆ ಇರುವ ದಿನ ಯಾವುದು?) ಅದೇ ಕಮಾಂಡ್ ಮತ್ತೆ ಹೊಡೆದರೆ ಮುಗಿದ ಫೈಲುಗಳನ್ನು ಬಿಟ್ಟು ಉಳಿದದ್ದನ್ನು ಮುಂದುವರಿಸುತ್ತದೆ. ಮೊದಲು -ಎನ್ ಸೇರಿಸಿ ಓಡಿಸಿದರೆ ಏನೂ ಮಾಡದೆ, ಏನು ಮಾಡುತ್ತೇನೆ ಅಂತ ಬರೀ ಪಟ್ಟಿ ಕೊಡುತ್ತದೆ. ಕಾಪಿ ಮುಗಿದ ಮೇಲೂ -ಎಎನ್‌ಐ ಕೊಟ್ಟು ಇನ್ನೊಂದು ಸಲ ಓಡಿಸಿ. ತಾರೀಕು, ಪರ್ಮಿಷನ್, ಮಾಲೀಕ ಯಾವುದಾದರೂ ಬೇರೆಯಾಗಿ ಉಳಿದಿದ್ದರೆ ಆ ಫೈಲಿನ ಹೆಸರು ಬರುತ್ತದೆ. ಒಂದು ಸಾಲೂ ಬರದಿದ್ದರೆ ಸರಿಯಾಗಿದೆ ಅಂತ. ಇದನ್ನು ನೋಡುವ ತನಕ ಹಳೆಯ ಡಿಸ್ಕನ್ನು ಯಾರೂ ಮುಟ್ಟಬಾರದು.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಫೈಲು ಮಾಲೀಕನ ಹೆಸರನ್ನು ಇಟ್ಟುಕೊಳ್ಳುವುದಿಲ್ಲ, ನಂಬರ್ ಇಟ್ಟುಕೊಳ್ಳುತ್ತದೆ. ಹಳೆಯ ಸರ್ವರ್‌ನಲ್ಲಿ 1001 ಅಂದರೆ ಕನ್ನಡ ಮೇಡಂ ಆಗಿರಬಹುದು. ಹೊಸದರಲ್ಲಿ ಬಳಕೆದಾರರನ್ನು ಬೇರೆ ಕ್ರಮದಲ್ಲಿ ಸೇರಿಸಿದ್ದರೆ 1001 ಯಾರೋ ಮೊದಲ ವರ್ಷದ ವಿದ್ಯಾರ್ಥಿ. ಡಿಸ್ಕ್ ಸಿಕ್ಕಿಸಿ ಸಿಪಿ -ಎ ಮಾಡಿದರೆ ಮೇಡಂನ ಫೈಲೆಲ್ಲ ಆ ಹುಡುಗನದ್ದಾಗುತ್ತದೆ. ಹಾಗಾಗಿ ಸರ್ವರ್ ಬದಲಿಸುವ ಮೊದಲು ಬಳಕೆದಾರರ ಪಟ್ಟಿಯನ್ನು ನಂಬರ್ ಸಮೇತ ಬರೆದಿಟ್ಟುಕೊಳ್ಳಬೇಕು, ಹೊಸದರಲ್ಲಿ ಅದೇ ನಂಬರ್ ಕೊಡಬೇಕು.

ಈಗ ಪದಗಳ ವಿಷಯಕ್ಕೆ ಬರುತ್ತೇನೆ. ಹೋದ ತಾರೀಕುಗಳನ್ನು ಆದಷ್ಟು ವಾಪಸ್ ತರಬೇಕು ಅಂತ ಮೇಡಂ ಹಠ ಹಿಡಿದರು. ಮೂರು ತಿಂಗಳು, ಕ್ಲಾಸು ಮುಗಿದ ಮೇಲೆ, ಲ್ಯಾಬಲ್ಲಿ ಕೂತು ಒಂದೊಂದೇ ಫೈಲು ಕೇಳಿದೆವು. ಒಂದರಲ್ಲಿ ಹುಡುಗಿಯೊಬ್ಬಳು ಪದ ಶುರುವಾಗುವ ಮೊದಲು ಅಜ್ಜಿಯ ಹೆಸರು ಕೇಳುತ್ತಾಳೆ, ಅವಳ ದನಿ ಮೇಡಂಗೆ ಗುರುತು ಸಿಕ್ಕಿತು, ಅವಳ ಬ್ಯಾಚಿನಿಂದ ವರ್ಷ ಸಿಕ್ಕಿತು. ಇನ್ನೊಂದರಲ್ಲಿ ಹಿಂದೆ ಜಾತ್ರೆಯ ಮೈಕು ಕೇಳುತ್ತದೆ, ತೇರು ಎಳೆಯುವ ಹೊತ್ತನ್ನು ಕೂಗಿ ಹೇಳುತ್ತಿದ್ದಾರೆ. ಆ ಊರಿನ ತೇರು ಯಾವಾಗ ಅಂತ ಗೊತ್ತು, ಹಾಗಾಗಿ ತಿಂಗಳು ಸಿಕ್ಕಿತು. ಒಂದರಲ್ಲಿ ಹಂಚಿನ ಮೇಲೆ ಮಳೆ ಬೀಳುವ ಸದ್ದು ಎಷ್ಟಿದೆ ಅಂದರೆ ಪದವೇ ಸರಿಯಾಗಿ ಕೇಳುವುದಿಲ್ಲ, ಮಳೆಗಾಲ ಅಂತಷ್ಟೇ ಬರೆದುಕೊಂಡೆವು. ಗೊತ್ತಾದವಕ್ಕೆ ಟಚ್ ಅನ್ನುವ ಕಮಾಂಡ್‌ನಿಂದ, -ಡಿ ಜೊತೆ ತಾರೀಕು ಕೊಟ್ಟು, ಹಳೆಯ ತಾರೀಕು ಮತ್ತೆ ಹಾಕಿದೆ. ಜೊತೆಗೆ ಒಂದು ನೋಟ್‌ಬುಕ್ಕಲ್ಲೂ ಬರೆದಿಟ್ಟಿದ್ದೇವೆ.

ಹೆಸರುಗಳನ್ನೂ ಬದಲಿಸಿದೆವು. ಮೊದಲು ವರ್ಷ, ತಿಂಗಳು, ದಿನ. ಆಮೇಲೆ ಊರು, ಹಾಡಿದವರ ಹೆಸರು, ಪದದ ಮೊದಲ ಸಾಲು. ಎಲ್ಲ ಕನ್ನಡದಲ್ಲೇ. ಮೇಡಂ ತಮ್ಮ ವಿಂಡೋಸ್ ಕಂಪ್ಯೂಟರ್‌ನಲ್ಲಿ ಕೂತು ಚೆನ್ನಾಗಿ ಹೆಸರಿಟ್ಟರು. ಸರ್ವರ್‌ಗೆ ಕಾಪಿ ಮಾಡುವಾಗ ಕೆಲವು ಫೈಲು ಹೋಗಲೇ ಇಲ್ಲ, ಹೆಸರು ತೀರಾ ಉದ್ದ ಅಂತ ಬಂತು. ಕಾರಣ ಇದು. ಲಿನಕ್ಸಿನಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ಒತ್ತಕ್ಷರ ಬಂದರೆ ಇನ್ನೂ ಜಾಸ್ತಿ, 'ಸ್ತ್ರೀ' ಅನ್ನುವ ಒಂದೇ ಅಕ್ಷರಕ್ಕೆ ಆರು ಚಿಹ್ನೆ, 18 ಬೈಟ್. ಹಾಗಾಗಿ ಕನ್ನಡದ ಹೆಸರು 85 ಚಿಹ್ನೆಗೆ ಮುಗಿಯುತ್ತದೆ. ವಿಂಡೋಸ್ ಬೈಟ್ ಲೆಕ್ಕ ಹಾಕದೆ ಚಿಹ್ನೆಗಳ ಲೆಕ್ಕ ಹಾಕುವುದರಿಂದ ಅಲ್ಲಿ 255 ಚಿಹ್ನೆಯವರೆಗೂ ಹೋಗುತ್ತದೆ. ಕನ್ನಡದಲ್ಲಿ ಹೆಸರಿಡಬೇಡಿ ಅಂತ ಇದಕ್ಕೆ ಅರ್ಥ ಮಾಡಿಕೊಳ್ಳಬೇಡಿ. ಇಡಿ, ಖಂಡಿತ ಇಡಿ, ಮೊದಲ ಸಾಲಿನ ಬದಲು ಮೊದಲ ಎರಡು ಮೂರು ಪದ ಸಾಕು. ಹೆಸರಿನ ನಡುವೆ ಜಾಗ ಬಿಟ್ಟಿದ್ದರೆ ಕಮಾಂಡ್‌ನಲ್ಲಿ ಹೆಸರನ್ನು ಉದ್ಧರಣ ಚಿಹ್ನೆಯ ಒಳಗೆ ಹಾಕಿ, ಇಲ್ಲದಿದ್ದರೆ ಸಿಪಿ ಅದನ್ನು ಎರಡು ಫೈಲು ಅಂದುಕೊಳ್ಳುತ್ತದೆ.

ಮ್ಯಾಕ್ ಬಳಸುವ ಕನ್ನಡದವರಿಗೂ ಒಂದು ಮಾತು. 'ಕೊ' ಅಕ್ಷರದ ಒತ್ವವನ್ನು ಕಂಪ್ಯೂಟರ್ ಒಂದೇ ಚಿಹ್ನೆಯಾಗಿಯೂ ಇಡಬಹುದು, ಎತ್ವ ಮತ್ತು ಕೊಂಬಿನ ಇಳಿ ಅಂತ ಎರಡಾಗಿ ಬಿಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್ ಡಿಸ್ಕ್‌ಗಳು ಹೆಸರನ್ನು ಬಿಡಿಸಿ ಇಡುತ್ತವೆ, ಲಿನಕ್ಸ್ ಕೊಟ್ಟ ಹಾಗೇ ಇಡುತ್ತದೆ. ಅದಕ್ಕೇ ಎರಡು ಕಡೆಯಿಂದ ಕಾಪಿ ಮಾಡಿದಾಗ ಕೆಲವು ಸಲ ಒಂದೇ ಹೆಸರಿನ ಎರಡು ಫೈಲು ಕಾಣುತ್ತದೆ. ಹೆದರಿ ಒಂದನ್ನು ಅಳಿಸಬೇಡಿ, ಎರಡನ್ನೂ ತೆರೆದು ನೋಡಿ.

ಸಂಪಾದಕರೇ, ನನ್ನ ಕೋರಿಕೆ ಇಷ್ಟು. ನಿಮ್ಮ ಪತ್ರಿಕೆಯಲ್ಲಿ ಹೊಸ ಮೊಬೈಲ್ ಬಗ್ಗೆ ಪ್ರತಿ ವಾರ ಅರ್ಧ ಪುಟ ಬರುತ್ತದೆ. ಅದರ ಪಕ್ಕ ಕಾಲು ಪುಟ ಇಂಥ ಕೆಲಸದ ಮಾತಿಗೆ ಕೊಡಿ. ವಾರಕ್ಕೆ ಒಂದೇ ಕಮಾಂಡ್, ಅದು ಏನು ಮಾಡುತ್ತದೆ, ಎಲ್ಲಿ ಎಡವುತ್ತೇವೆ, ಕನ್ನಡದಲ್ಲಿ. ಬರೆಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಮೊದಲ ಕೆಲವು ವಾರಕ್ಕೆ ನಾನೇ ಬರೆದುಕೊಡುತ್ತೇನೆ, ದುಡ್ಡು ಬೇಡ. ಲ್ಯಾಬಲ್ಲಿ ಪಾಠ ಮಾಡುವ ನನ್ನ ಹಾಗಿನವರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸುತ್ತೇವೆ. ಹಾಗೆಯೇ ಕಚೇರಿ, ಸಂಘ, ಶಾಲೆ ನಡೆಸುವವರು ಯಾರಿಗಾದರೂ ಸರ್ವರ್ ಬದಲಿಸುವ ಕೆಲಸ ಕೊಟ್ಟರೆ, ತಾರೀಕು ಉಳಿಯುತ್ತದಾ, ಯಾರ ಫೈಲು ಯಾರದ್ದಾಗಿ ಉಳಿಯುತ್ತದಾ ಅಂತ ಕೇಳಿ, ಹಳೆಯ ಡಿಸ್ಕನ್ನು ಒಂದು ತಿಂಗಳಾದರೂ ಬೀರುವಿನಲ್ಲಿಟ್ಟು ಬೀಗ ಹಾಕಿ.

ಆ ಫೋಲ್ಡರ್‌ನಲ್ಲಿ ಇನ್ನೂ ಹದಿನಾರು ಪದಗಳಿಗೆ ತಾರೀಕು ಸಿಕ್ಕಿಲ್ಲ. ಅವು ಈಗಲೂ ಆ ಶನಿವಾರದ ತಾರೀಕಿನಲ್ಲೇ ಇವೆ. ನಮ್ಮ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಪದ ರೆಕಾರ್ಡ್ ಮಾಡಲು ಹೋದ ದಿನದ ಒಂದು ಫೋಟೊ ನಿಮ್ಮ ಹಳೆಯ ಫೋನಿನಲ್ಲಿ ಇದ್ದರೂ ಇರಬಹುದು. ಹುಡುಕಿ ಮೇಡಂಗೆ ಕಳಿಸಿ. ಅವರ ನಂಬರ್ ಬದಲಾಗಿಲ್ಲ.

ಇಂತಿ,
ಕಾಲೇಜು ಲ್ಯಾಬಿನ ಒಬ್ಬ ಓದುಗ
ಮಲೆನಾಡು